ಕೊಪ್ಪರಿಗೆಯ ಮೇಲಿನ ಕಂಬಿ

ಸೋಮನಹಳ್ಳಿಯಿಂದ ಬಂದ ಟ್ರ್ಯಾಕ್ಟರು ಹಳೇ ಟಯರುಗಳನ್ನು ಆಲೆಮನೆಯ ಮುಂದೆ ಸುರಿದು ಹೋದಾಗ, ಶಿವರಾಮು ಒಲೆಯ ಬಾಯಲ್ಲಿ ಕೂತು ಕಬ್ಬಿನ ಸಿಪ್ಪೆಯನ್ನು ಹಿಂಡಿ ನೋಡುತ್ತಿದ್ದ. ನಾಲ್ಕು ದಿನದ ಮಳೆಗೆ ಅಂಗಳದ ಸಿಪ್ಪೆಯೆಲ್ಲ ನೆನೆದಿತ್ತು. ಕೊಳ್ಳೋಣವೆಂದರೆ ಸೌದೆಯೂ ಇಲ್ಲ. ಗ್ಯಾಸು ಸಿಗದೆ ಹೋಟೆಲಿನವರು ಮದ್ದೂರಿನ ಸುತ್ತಮುತ್ತಲ ಸೌದೆಯನ್ನೆಲ್ಲ ಬಳಿದುಕೊಂಡು ಹೋಗಿದ್ದರು.

"ಆಕು ಅತ್ಲಾಗೆ," ಎಂದ ಚಿಕ್ಕಮಾದು, ಬೆಲ್ಲಕ್ಕೆಂದು ತಂದಿದ್ದ ತನ್ನ ಕಬ್ಬಿನ ರಾಶಿಯ ಮೇಲೆ ಕೂತು. "ಗ್ಯಾಸಿಲ್ಲ ಅಂತ ಸರ್ಕಾರದೋರೇ ಒಗೆ ರೂಲ್ಸು ಮೂರ್ ತಿಂಗ್ಳು ಸಡ್ಲ ಮಾಡವ್ರೆ. ಫ್ಯಾಕ್ಟ್ರಿಯೋರೇ ಉರಿಸ್ತಾವ್ರೆ, ನಿಂಗೇನ್ಲಾ?"

"ಅಪ್ಪ ಇದ್ದಿದ್ರೆ ಒಪ್ತಿರ್ನಿಲ್ಲ ಕಣ್ಲಾ."

"ನಿಮ್ಮಪ್ಪನ ಕಾಲ್ದಲ್ಲಿ ಗ್ಯಾಸೂ ಇರ್ನಿಲ್ಲ, ಗ್ಯಾಸಿಲ್ಲ ಅನ್ನೋ ಗೋಳೂ ಇರ್ನಿಲ್ಲ. ನನ್ ಕಬ್ಬು ಕಡ್ದು ಮೂರ್ ದಿನಾಯ್ತು. ಒಣಗೋದ್ರೆ ನೀನು ರಸ ಕೊಡ್ತೀಯಾ?"

ಅದೂ ಸುಳ್ಳಲ್ಲ. ಶಿವರಾಮು ಎರಡು ಟಯರು ಒಳಗೆ ತಳ್ಳಿದ. ಉರಿ ಭರ್ರನೆ ಎದ್ದಿತು. ಕಪ್ಪು ಹೊಗೆ ರಸ್ತೆ ದಾಟಿ ಮನೆಗಳ ಮೇಲೆ ಕವುಚಿಕೊಂಡಿತು.

ಕೊಪ್ಪರಿಗೆಯ ಮೇಲೆ ಅಡ್ಡಕ್ಕೆ ಹಾಕಿದ ಕಬ್ಬಿಣದ ಕಂಬಿ ಇನ್ನೂ ಹಾಗೇ ಇತ್ತು. ಅಪ್ಪ ಮರಿಸಿದ್ದಯ್ಯನ ಕಾಲದಲ್ಲಿ ಅದು ಖಾಲಿ ಇದ್ದದ್ದೇ ಇಲ್ಲ. ಪಾಕದ ವಾಸನೆ ಕೇರಿಗೆ ಮುಟ್ಟಿದ್ದೇ ತಡ, ಹೆಂಗಸರು ಗೆಣಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಕುದಿಯುವ ಕಬ್ಬಿನ ಹಾಲಿನಲ್ಲಿ ಮುಳುಗುವಂತೆ ದಾರದಲ್ಲಿ ಕಂಬಿಗೆ ಕಟ್ಟಿ ಇಳಿಬಿಡುವುದು. ಗುರುತಿಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ಸೀರೆಯ ಚೂರು. ಬೆಂದದ್ದನ್ನು ಎತ್ತಿಕೊಡುವ ಕೆಲಸ ಹುಡುಗನಾಗಿದ್ದ ಶಿವರಾಮುವಿನದು. ಎಂದೂ ಗುರುತು ತಪ್ಪಿದವನಲ್ಲ.

ಗಂಟೆಯೊಳಗೆ ರಸ್ತೆಯಾಚೆಯ ಅಂಕಮ್ಮ ಬಂದಳು. ಕೈಯಲ್ಲೊಂದು ಕೆಂಪು ಗಂಟು.

"ಮಗ್ಳು ಮಂಜುಸ್ರೀ ಬಾಣಂತನಕ್ಕೆ ಬಂದವ್ಳೆ ಕಣ್ ಸಿವರಾಮು. ಏಳು ತಿಂಗ್ಳು ತುಂಬೈತೆ. ಆಲೆಮನೆ ಗೆಣಸೇ ಬೇಕು ಅಂತ ಕುಂತವ್ಳೆ. ಇವ್ಳು ಒಟ್ಟೇಲಿದ್ದಾಗ ನಾನೂ ನಿಮ್ಮಪ್ಪನತ್ರ ಇಸ್ಕೊಂಡ್..."

ಒಲೆಯತ್ತ ನೋಡಿ ಮಾತು ನಿಲ್ಲಿಸಿದಳು. ಸೆರಗು ಮೂಗಿಗೆ ಹೋಯಿತು.

"ಈ ಒಗೆ ನಿಂದಾ? ಯಾವ್ದೋ ಫ್ಯಾಕ್ಟ್ರೀದು ಅನ್ಕಂಡು, ಮಗ್ಳನ್ನ ಒಳಗ್ ಕೂರ್ಸಿ ಕಿಟಕಿ ಆಕ್ಬುಟ್ಟು ಬಂದೆ."

ಶಿವರಾಮು ಕೈ ಚಾಚಿದ. ಅವಳು ಗಂಟನ್ನು ಮೆಲ್ಲಗೆ ಮಡಿಲಿಗೆ ಸೇರಿಸಿಕೊಂಡಳು. "ಬುಡಪ್ಪ. ಇನ್ನೊಂದ್ ದಪ ನೋಡಾನ."

ಅವಳು ರಸ್ತೆ ದಾಟುವವರೆಗೂ ನೋಡಿದ. ಆಮೇಲೆ ಕೊಕ್ಕೆ ತಗೊಂಡು ಉರಿಯುವ ಟಯರುಗಳನ್ನು ಎಳೆದು ಮಣ್ಣು ಮುಚ್ಚಿದ.

"ತಲೆಗಿಲೆ ಕೆಟ್ಟೈತೇನ್ಲಾ?" ಎಂದ ಚಿಕ್ಕಮಾದು.

"ನಿನ್ ಕೊಟ್ಟಿಗೇಲಿ ಒಣಗಿದ್ ತೆಂಗಿನ ಮಟ್ಟೆ ಎಸ್ಟೈತೆ?"

"ಅದು ನಮ್ ನೀರೊಲೆಗೆ ಕಣ್ಲಾ."

"ನಾಕ್ ದಿನ ತಣ್ಣೀರು ಉಯ್ಕೊ. ನಮ್ಮನೇದೂ ತತ್ತೀನಿ."

ಚಿಕ್ಕಮಾದು ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಎದ್ದು ಗಾಡಿ ಹೂಡಿದ.

ಸಂಜೆಗೆ ಹಾಲು ಕುದಿಯಿತು. ಶಿವರಾಮು ಅಂಕಮ್ಮನ ಬಾಗಿಲಿಗೆ ಹೋಗಿ, "ಅಕ್ಕ, ಗಂಟು ಕೊಡು" ಎಂದ. ಅವಳು ಮೊದಲು ಆಲೆಮನೆಯ ಚಿಮಣಿ ನೋಡಿದಳು. ಆಮೇಲೆ ಕೊಟ್ಟಳು.

ಕಂಬಿಯಿಂದ ಕೆಂಪು ಗಂಟು ಇಳಿಯುವುದನ್ನೇ ನೋಡುತ್ತಿದ್ದ ಚಿಕ್ಕಮಾದು ಗಂಟಲು ಸರಿಮಾಡಿಕೊಂಡ. "ನಮ್ಮನೇಲೂ ನಾಕ್ ಗೆಣಸಿದ್ವು ಕಣ್ಲಾ."

"ಅಸುರು ಬಣ್ಣದ್ ಬಟ್ಟೇಲಿ ಕಟ್ಕಂಡ್ ಬಾ," ಎಂದ ಶಿವರಾಮು, "ಗುರ್ತು ತಪ್ಪೋಗಬಾರ್ದು."