ಸ್ಟಾಫ್ ಮತ್ತು ವರ್ಕರ್ಸ್ ಗಮನಕ್ಕೆ

ಬಿಸ್ಕತ್ತು ಕಾರ್ಖಾನೆಯ ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿಗೆ ಎರಡು ಕೆಲಸ. ಒಂದು, ಬಂದವರ ಹೆಸರು ಬರೆದುಕೊಳ್ಳುವುದು. ಇನ್ನೊಂದು ಮೈಕ್. ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಯಾರಿಗೆ ಏನು ಹೇಳಬೇಕಾದರೂ ಅವಳ ಬಾಯಿಂದಲೇ ಹೋಗಬೇಕು. ಅದಕ್ಕೇ ಅವಳ ಚಿಕ್ಕಮ್ಮ ಅವಳನ್ನು ಮೈಕ್‌ರಾಣಿ ಎಂದು ಕರೆಯುತ್ತಿದ್ದುದು. ಚಿಕ್ಕಮ್ಮ ಅದೇ ಕಟ್ಟಡದಲ್ಲಿ ನೆಲ ಒರೆಸುವವಳು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳೂ ಅವಳೇ, ಇಲ್ಲಿ ಜಾಗ ಖಾಲಿಯಿದೆ ಎಂದು ಬೆನ್ನು ಬಿದ್ದು ಅರ್ಜಿ ಹಾಕಿಸಿದವಳೂ ಅವಳೇ.

ಅಲ್ಲಿ ದುಡಿಯುವವರಿಗೆ ಮೂರು ಹೆಸರು. ಮೇಜಿನವರು ಸ್ಟಾಫ್, ಮಿಷಿನ್ನಿನವರು ವರ್ಕರ್ಸ್. ಒರೆಸುವ ಮೂವರು ಹೆಂಗಸರನ್ನು ಬೇರೆ ಕಂಪನಿ ಕಳಿಸಿತ್ತು, ಹಾಗಾಗಿ ಅವರು ಏಜೆನ್ಸಿಯವರು. ಒಂದು ಸಲ ಕಣ್ಣಿನ ಡಾಕ್ಟರು ಬಂದಾಗ ಹುಡುಗಿ "ಸ್ಟಾಫ್ ಮತ್ತು ವರ್ಕರ್ಸ್ ಗಮನಕ್ಕೆ" ಎಂದು ಕೂಗಿದ್ದೇ ತಡ, ಆ ಮೂವರೂ ಕೈ ಒರೆಸಿಕೊಂಡು ಸಾಲಿಗೆ ಬಂದು ನಿಂತಿದ್ದರು. ಎಲ್ಲರೂ ಬಕೆಟ್ ಅಜ್ಜಿ ಎನ್ನುವ ಹಿರಿಯಳಂತೂ ಕನ್ನಡಕದ ಆಸೆಗೆ ಮೊದಲನೆಯವಳು. ಅವರನ್ನು ವಾಪಸ್ ಕಳಿಸುವ ಕೆಲಸ ಹುಡುಗಿಯ ತಲೆಗೇ ಬಂತು.

"ಅದು ನಿಮಗಲ್ಲ ಅಜ್ಜಿ. ನಿಮ್ಮನ್ನ ಕರೀಬೇಕಾದ್ರೆ ಏಜೆನ್ಸಿಯವರು ಅಂತೀನಿ. ಅಲ್ಲೀವರೆಗೂ ಕಿವಿಗೇ ಹಾಕ್ಕೋಬೇಡಿ."

"ಸರಿ ಬಿಡಮ್ಮ, ಕಣ್ಣು ಹೋದ್ರೂ ಕಿವಿ ನೆಟ್ಟಗಿದೆ. ನೆನಪಿಟ್ಕೋತೀನಿ," ಎಂದು ಅಜ್ಜಿ ನಕ್ಕಿದ್ದಳು. ಚಿಕ್ಕಮ್ಮ ನಕ್ಕಿರಲಿಲ್ಲ.

ತಿಂಗಳಿಗೊಮ್ಮೆ ಬೆಂಕಿಯ ಪ್ರಾಕ್ಟೀಸ್ ನಡೆಯುತ್ತಿತ್ತು. ಗಂಟೆ ಹೊಡೆಯುತ್ತದೆ, ಹುಡುಗಿ ಚೀಟಿ ಓದುತ್ತಾಳೆ, ಜನರೆಲ್ಲ ಅಂಗಳಕ್ಕೆ ಬರುತ್ತಾರೆ. ಆ ಮೂವರು ಮಾತ್ರ ಒಳಗೇ. ಕಾರಿಡಾರು ಖಾಲಿ ಸಿಗುವುದೇ ಆಗ, ಬೇಗ ಒರೆಸಿಬಿಡಿ ಎಂದು ಏಜೆನ್ಸಿಯ ಸೂಪರ್‌ವೈಸರ್ ಹೇಳಿಟ್ಟಿದ್ದ.

ಆ ದಿನ ಹನ್ನೊಂದಕ್ಕೆ ಹೊಡೆದ ಗಂಟೆ ಪ್ರಾಕ್ಟೀಸಿನದಾಗಿರಲಿಲ್ಲ. ಎರಡನೇ ಮಹಡಿಯ ರಟ್ಟಿನ ಪೆಟ್ಟಿಗೆಗಳ ಕೋಣೆಗೆ ಬೆಂಕಿ ಬಿದ್ದಿತ್ತು. ಹುಡುಗಿ ಯಾವತ್ತಿನ ಚೀಟಿಯನ್ನೇ ಯಾವತ್ತಿನ ದನಿಯಲ್ಲೇ ಓದಿದಳು. "ಸ್ಟಾಫ್ ಮತ್ತು ವರ್ಕರ್ಸ್ ಗಮನಕ್ಕೆ. ಕೂಡಲೇ ಅಂಗಳಕ್ಕೆ ಬನ್ನಿ." ಓದಿ ತಾನೂ ಹೊರಗೆ ಓಡಿದಳು.

ಅಂಗಳದಲ್ಲಿ ಸೆಕ್ಯೂರಿಟಿಯವನು ತಲೆ ಎಣಿಸಿದ. "ಸ್ಟಾಫ್ ಮೂವತ್ತೆಂಟು, ಸರಿ. ವರ್ಕರ್ಸ್ ನೂರಾ ಆರು, ಸರಿ. ಅಲ್ಲಿಗೆ ಎಲ್ಲ ಬಂದಂಗಾಯ್ತು."

"ನಮ್ಮ ಚಿಕ್ಕಮ್ಮ ಎಲ್ಲಿ ಅಣ್ಣ?"

"ಏಜೆನ್ಸಿಯವರು ನನ್ನ ಪಟ್ಟೀಲಿಲ್ಲಮ್ಮ. ಅವರ ಸೂಪರ್‌ವೈಸರ್‌ನ ಕೇಳು."

"ಅವನೆಲ್ಲಿ?"

"ಇವತ್ತು ರಜ."

ಅವಳು ಕತ್ತೆತ್ತಿದಳು. ಎರಡನೇ ಮಹಡಿಯ ಕಿಟಕಿಯಿಂದ ಕಪ್ಪು ಹೊಗೆ. ಮೇಲೆ ಮೂವರು ಹೆಂಗಸರು ಆರಾಮಾಗಿ ನೆಲ ಒರೆಸುತ್ತಿದ್ದಾರೆ, ತನ್ನ ಕೂಗನ್ನು ಕಿವಿಗೆ ಹಾಕಿಕೊಳ್ಳಬೇಡಿ ಎಂದವಳು ತಾನೇ ಎಂದು ಅವಳಿಗೆ ಒಮ್ಮೆಲೇ ಹೊಳೆಯಿತು. ಸೆಕ್ಯೂರಿಟಿಯವನು ರಟ್ಟೆ ಹಿಡಿದ, ಕೊಸರಿಕೊಂಡು ಒಳಗೆ ನುಗ್ಗಿದಳು. ರಿಸೆಪ್ಷನ್‌ಗೆ ಇನ್ನೂ ಹೊಗೆ ಇಳಿದಿರಲಿಲ್ಲ. ಸ್ವಿಚ್ ಒತ್ತಿದಳು.

"ಏಜೆನ್ಸಿಯವರ ಗಮನಕ್ಕೆ." ಆ ಮಾತು ಮೈಕಿನಲ್ಲಿ ಬಂದಿದ್ದು ಅದೇ ಮೊದಲು. "ಇದು ನಿಜವಾದ ಬೆಂಕಿ. ಚಿಕ್ಕಮ್ಮ, ಅಜ್ಜಿ, ಕೈಯಲ್ಲಿರೋದು ಬಿಸಾಕಿ, ಹಿಂದಿನ ಮೆಟ್ಟಿಲಲ್ಲಿ ಇಳೀರಿ."

ಮತ್ತೆ ಮತ್ತೆ ಅದನ್ನೇ ಹೇಳಿದಳು. ಹಿಂದಿನ ಮೆಟ್ಟಿಲಿನಿಂದ ಚಿಕ್ಕಮ್ಮ ಕೆಮ್ಮುತ್ತ ಇಳಿದಳು, ಬೆನ್ನಿಗೆ ಇನ್ನೊಬ್ಬಳು.

"ಅಜ್ಜಿ ಎಲ್ಲಿ?"

"ಎರಡನೇ ಮಹಡೀಲಿ," ಎಂದಳು ಚಿಕ್ಕಮ್ಮ. "ನೀನು ಸ್ಟಾಫ್ ಅಂದೆಯಲ್ಲ, ಹಂಗಾದ್ರೆ ನೆಲ ಖಾಲಿ ಅಂತ ಅಲ್ಲಿಗೆ ಹೋದ್ಲು."

ಅಜ್ಜಿಯನ್ನು ಅಗ್ನಿಶಾಮಕದವರು ಹೊತ್ತು ತಂದರು. ಅವಳಿಗೆ ಎಚ್ಚರವಿರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರು ಒಂದು ಚೀಟಿ ತಂದು ಹುಡುಗಿಯ ಮುಂದಿಟ್ಟರು. ನಿನ್ನೆಯ ಅವಘಡದಲ್ಲಿ ನಮ್ಮ ಸ್ಟಾಫ್ ಮತ್ತು ವರ್ಕರ್ಸ್ ಯಾರಿಗೂ ಏನೂ ಆಗಿಲ್ಲ ಎಂದಿತ್ತು.

"ಸರ್, ಅಜ್ಜಿ ಆಸ್ಪತ್ರೇಲಿದ್ದಾರೆ."

"ಇದ್ದಿದ್ದನ್ನ ಓದಮ್ಮ. ಅದ್ರಲ್ಲಿ ಸುಳ್ಳೇನಿದೆ? ಪಟ್ಟಿ ತೆಗೆದು ನೋಡು."

ಸುಳ್ಳು ನಿಜಕ್ಕೂ ಇರಲಿಲ್ಲ. ಅವಳು ಸ್ವಿಚ್ ಒತ್ತಿ ಶುರು ಮಾಡಿದಳು. "ಸ್ಟಾಫ್ ಮತ್ತು ವರ್ಕರ್ಸ್ ಗಮನಕ್ಕೆ."

ಎದುರಿಗೇ ಚಿಕ್ಕಮ್ಮ ಬಾಗಿಲ ಬಳಿಯ ಮಸಿ ಒರೆಸುತ್ತಿದ್ದಳು. ಆ ಮಾತಿಗೆ ಅವಳು ತಲೆ ಎತ್ತಲಿಲ್ಲ. ಒರೆಸುವ ಕೋಲು ಅದೇ ಲಯದಲ್ಲಿ ಅತ್ತಿತ್ತ ಓಡಾಡುತ್ತಲೇ ಇತ್ತು.

ಹುಡುಗಿ ಚೀಟಿಯನ್ನು ಬೋರಲು ಹಾಕಿದಳು.

"ಈ ಕಟ್ಟಡದೊಳಗೆ ಇರೋ ಎಲ್ಲರೂ ಕೇಳಿ. ನಿನ್ನೆ ನಮ್ಮಲ್ಲಿ ಒಬ್ಬರು ಒಳಗೇ ಉಳಿದುಬಿಟ್ರು. ಅವರಿಗಿನ್ನೂ ಎಚ್ಚರ ಬಂದಿಲ್ಲ. ಗಂಟೆ ಹೊಡೆದಾಗ ಹೊರಗೆ ಬನ್ನಿ ಅಂತ ಅವರನ್ನ ನಾನು ಕರೆದಿರಲಿಲ್ಲ."

ಮ್ಯಾನೇಜರು ಕೈ ಚಾಚಿ ಸ್ವಿಚ್ ಆರಿಸಿದರು. ಚೀಟಿ ಎತ್ತಿಕೊಂಡು ಒಳಗೆ ಹೋದರು.

ಕೋಲು ನಿಂತಿತ್ತು. ಚಿಕ್ಕಮ್ಮ ಅದನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಜಿನ ಈಚೆಗೆ ಬಂದು, ಹುಡುಗಿಯ ಪಕ್ಕದಲ್ಲಿ ನಿಂತಳು.

"ಎಲ್ಲರೂ ಅಂದ್ಯಲ್ಲ," ಎಂದಳು. "ಅದಕ್ಕೇ ಬಂದೆ."