ಯಾವ ಬೀಗಕ್ಕೂ ಸೇರದ ನಾಲ್ಕು ಕೀಲಿಗಳು

ತೆಗೆಯೋಕಾಗದ ಬೀಗ ಅಂತ ಇನ್ನೂ ಯಾರೂ ಮಾಡಿಲ್ಲ ಎನ್ನುವುದು ಬೀಗದಜ್ಜನ ಬಾಯಲ್ಲಿ ಸದಾ ಕೂತಿರುತ್ತಿದ್ದ ಮಾತು. ನಲವತ್ತೈದು ವರ್ಷ ಅದನ್ನೇ ನಂಬಿ ಉಂಡವನು ಅವನು. ಶಾಲೆಗೆ ಹೋದದ್ದು ಎರಡೇ ವರ್ಷ, ಮಿಕ್ಕಿದ್ದನ್ನೆಲ್ಲ ಅರವೂ ಹಿತ್ತಾಳೆಯೂ ಕಲಿಸಿದ್ದವು.

ಅವನ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲು ಹಚ್ಚಿದ ಹಾಗಿತ್ತು. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಎಡಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಬೀಗ ಸತ್ತು ತಾವು ಮಾತ್ರ ಉಳಿದ ಕೀಲಿಗಳು. ಒಂದನ್ನೂ ಅವನು ಎಸೆದವನಲ್ಲ. ಬಲಕ್ಕೆ ಕೀಲಿ ಕೊರೆಯುವ ಯಂತ್ರ. ಸಂದಿಯ ತುದಿಯಲ್ಲಿ ಒಂದು ಹಳೇ ಕಂಪ್ಯೂಟರು, ಅದರ ಮುಂದೆ ಹೆಂಡತಿ.

ಹೆಂಡತಿ ಮದುವೆಗೆ ಮುಂಚೆಯೇ ಟೈಪಿಂಗ್ ಕಲಿತವಳು. ಒಂಬತ್ತು ವರ್ಷದಿಂದ ಅಂಗಡಿಯ ಪಟ್ಟಿ ಅವಳ ಕೈಯಲ್ಲಿತ್ತು. ಅಜ್ಜ ಯಾರ ಮನೆಗಾದರೂ ಹೊಸ ಬೀಗ ಕೂರಿಸಿದರೆ, ಕೀಲಿಯ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ ಆಳ ಹೇಳುವನು: ಮೂರು, ಐದು, ಎರಡು, ಐದು, ಒಂದು. ಇವಳು ಮನೆಯ ನಂಬರಿನ ಎದುರು ಅದನ್ನು ಒತ್ತುವಳು. ಮುಂದೆ ಅವರು ಕೀಲಿ ಕಳೆದುಕೊಂಡು ಬಂದರೆ ಪಟ್ಟಿ ನೋಡಿ, ಅದೇ ಆಳಕ್ಕೆ ಹೊಸ ಕೀಲಿ ಕೊರೆದುಕೊಟ್ಟರೆ ಆಯಿತು. ಬಂದ ಮುಖ ಗುರುತಿನದಲ್ಲವಾದರೆ ಅಜ್ಜ ತಾನೇ ಆ ಮನೆಯವರೆಗೆ ನಡೆದು, ನೆರೆಯವರನ್ನು ಕೇಳಿ, ಆಮೇಲೆ ಕೊಡುತ್ತಿದ್ದ. ಹಾಗೆ ಸಾವಿರದ ನೂರ ನಲವತ್ತು ಬಾಗಿಲುಗಳು ಆ ಪಟ್ಟಿಯಲ್ಲಿದ್ದವು. ಪಟ್ಟಿ ಹೋದರೆ ಅವನು ಬೀಗ ತೆಗೆಯುವವನಾಗಿ ಉಳಿಯದೆ ಬರೀ ಒಡೆಯುವವನಾಗುತ್ತಿದ್ದ. ಒಡೆಯುವುದಕ್ಕೆ ಸುತ್ತಿಗೆ ಸಾಕು, ಕಸುಬುದಾರ ಯಾಕೆ ಬೇಕು?

ಈಚೆಗೆ ಆ ಕಂಪ್ಯೂಟರು ಬೆಳಗಾದರೆ ಪರದೆಯ ಮೇಲೆ ಒಂದು ಫಲಕ ಹಿಡಿದು ನಿಲ್ಲುತ್ತಿತ್ತು. ನಿಮ್ಮ ಈ ವ್ಯವಸ್ಥೆಗೆ ಇನ್ನು ದುರಸ್ತಿ ಬರುವುದಿಲ್ಲ, ಹೊಸದನ್ನು ಹೊರಲು ಈ ಯಂತ್ರಕ್ಕೆ ತ್ರಾಣವಿಲ್ಲ, ಬೇರೆ ಯಂತ್ರ ಕೊಂಡುಕೊಳ್ಳಿ ಎಂದು.

"ಡಾಕ್ಟ್ರು ನಮ್ಮಿಬ್ಬರಿಗೂ ಇದನ್ನೇ ಹೇಳಿದ್ದು. ನಾವು ಓಡಾಡ್ಕೊಂಡಿಲ್ವಾ?" ಅಂದ ಅಜ್ಜ.

"ಡಾಕ್ಟ್ರು ದಿನಾ ಬೆಳಿಗ್ಗೆ ಬಂದು ಹೇಳಲ್ಲ ರೀ. ಇದು ಹೇಳತ್ತೆ, ಆಮೇಲೆ ಕಾಲು ಗಂಟೆ ಯೋಚನೆ ಮಾಡತ್ತೆ. ಒಂದಿನ ಏಳೋದೇ ಇಲ್ಲ ಅಂದ್ರೆ ಪಟ್ಟಿ ಇದರ ಹೊಟ್ಟೇಲೇ ಉಳಿಯತ್ತೆ" ಎಂದಳು ಹೆಂಡತಿ.

ಪಕ್ಕದ ಅಂಗಡಿಯ ಗಡಿಯಾರದವನು ಅಲ್ಲೇ ಬಾಗಿಲಿಗೆ ಒರಗಿಕೊಂಡಿದ್ದ. ಅವನಿಗೆ ಸ್ವಂತ ಅಂಗಡಿಗಿಂತ ಈ ಬಾಗಿಲೇ ಹೆಚ್ಚು ಒಗ್ಗಿತ್ತು. ಸಂಬಂಧವೇನೂ ಇಲ್ಲದಿದ್ದರೂ ಅಜ್ಜನನ್ನು ಅವನು ಕರೆಯುತ್ತಿದ್ದುದು ಬೀಗರೇ ಎಂದೇ. "ಎಸೆದುಬಿಡಿ ಬೀಗರೇ. ಹಳೇದಕ್ಕೆ ತೇಪೆ ಹಾಕ್ತಾ ಕೂತ್ರೆ ತೇಪೆಯೇ ಬಟ್ಟೆ ಆಗತ್ತೆ."

"ನೀನು ಹಳೇ ಗಡಿಯಾರ ಎಸೀತೀಯಾ?"

"ಅದು ಬೇರೆ. ಅದು ನನ್ನ ಹೊಟ್ಟೆಪಾಡು."

ಅದೇ ವಾರ ಲೈಬ್ರರಿ ಮೇಡಂ ಬಂದರು. ಊರಿನ ಪುಸ್ತಕಗಳೆಲ್ಲ ಎಲ್ಲಿವೆ ಎಂದು ಅವರಿಗೆ ಗೊತ್ತು, ತಮ್ಮ ಕಪಾಟಿನ ಕೀಲಿ ಮಾತ್ರ ಗೊತ್ತಾಗುವುದಿಲ್ಲ. ಹೆಂಡತಿ ಪಟ್ಟಿ ತೆರೆದಳು. ಅದು ತೆರೆದುಕೊಳ್ಳುವಷ್ಟರಲ್ಲಿ ಮೇಡಂ ಫಲಕವನ್ನು ಪೂರ್ತಿ ಓದಿ ಮುಗಿಸಿದ್ದರು.

"ನಮ್ಮಲ್ಲೂ ಹೀಗೇ ಆಗಿತ್ತು ಅಮ್ಮ. ನಾವು ಲಿನಕ್ಸ್ ಅಂತ, ಕಂಪ್ಯೂಟರ್ ನಡೆಸೋ ಬೇರೆ ವ್ಯವಸ್ಥೆ ಹಾಕ್ಕೊಂಡ್ವಿ. ಇಂಥ ಹಳೇ ಯಂತ್ರದಲ್ಲೂ ಚೆನ್ನಾಗಿ ಓಡತ್ತೆ. ಪುಕ್ಕಟೆ."

"ಬಿಟ್ಟಿ ಅಂದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಅಂದ ಗಡಿಯಾರದವನು. "ಅಲ್ಲ ಮೇಡಂ, ಪುಕ್ಕಟೆ ಕೊಡೋರಿಗೆ ಏನು ಸಿಗತ್ತೆ?"

"ತುಂಬ ಜನ ಸೇರಿ ಮಾಡಿದ್ದು ಅದು. ಒಳಗಿನ ಕೆಲಸ ಏನೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ತಪ್ಪು ಕಂಡೋರು ಸರಿ ಮಾಡ್ತಾರೆ, ಸರಿ ಮಾಡಿದ್ದನ್ನ ಎಲ್ಲರಿಗೂ ಕೊಡ್ತಾರೆ."

"ಎಲ್ಲರೂ ಒಳಗಡೆ ನೋಡಿರೋ ಬೀಗಾನ ಯಾರ್ರೀ ನಂಬ್ತಾರೆ?"

ಅಜ್ಜ ಅರ ಕೆಳಗಿಟ್ಟ. "ನಾನು ನಂಬ್ತೀನಿ. ಒಳ್ಳೇ ಬೀಗದೊಳಗೆ ಏನಿದೆ ಅಂತ ಈ ಕಸುಬಿನೋರಿಗೆಲ್ಲ ಗೊತ್ತು. ಗೊತ್ತಿದ್ದೂ ಕೀಲಿ ಇಲ್ಲ ಅಂದ್ರೆ ಬೆವರು ಇಳಿಯತ್ತೆ. ಒಳಗೇನಿದೆ ಕೇಳಬೇಡಿ ಅಂತ ಮುಚ್ಚಿ ಮಾರ್ತಾರಲ್ಲ, ಅಂಥದ್ದನ್ನ ಇವಳ ತಲೆಪಿನ್ನಲ್ಲೇ ತೆಗೆದಿದ್ದೀನಿ."

"ಅದಕ್ಕೇ ನನ್ನ ಪಿನ್ನೆಲ್ಲ ಸೊಟ್ಟ" ಅಂದಳು ಹೆಂಡತಿ.

ಮರುದಿನ ಮೇಡಂ ಒಂದು ಕೆಂಪು ಪೆನ್‌ಡ್ರೈವನ್ನೂ ಒಂದು ಚೀಟಿಯನ್ನೂ ಕೊಟ್ಟುಹೋದರು. ಹೊಸ ವ್ಯವಸ್ಥೆ ಕೆಂಪಿನೊಳಗಿತ್ತು. ಚೀಟಿಯಲ್ಲಿ ಬರೆದದ್ದು ಇಷ್ಟು: ಮೊದಲು ಪಟ್ಟಿಯನ್ನು ನಿಮ್ಮದೇ ಬೇರೆ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಕೆಂಪನ್ನು ಚುಚ್ಚಿ ಯಂತ್ರ ಶುರು ಮಾಡಿ. ಸುಮ್ಮನೆ ಆಡಿಸಿ ನೋಡಬಹುದು, ಆಗ ಹಳೆಯದು ಏನೂ ಅಳಿಯುವುದಿಲ್ಲ. ಹಾಕಿಯೇಬಿಡು ಎಂದು ಒತ್ತಿದರೆ ಮಾತ್ರ ಹಳೆಯದೆಲ್ಲ ಅಳಿಯುತ್ತದೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ರಜೆಯ ದಿನ ಅರ್ಧ ಬಾಗಿಲು ಹಾಕಿಕೊಂಡು ಕೂತರು. ಹೆಂಡತಿ ಪರದೆಯ ಮೇಲಿದ್ದ ಪಟ್ಟಿಯ ಚಿತ್ರವನ್ನು ಎಳೆದು ತನ್ನ ಕಪ್ಪು ಪೆನ್‌ಡ್ರೈವಿಗೆ ಬಿಟ್ಟಳು. ಒಂದು ಕ್ಷಣದಲ್ಲಿ ಮುಗಿಯಿತು.

"ಇಷ್ಟು ಬೇಗ?" ಅಂದ ಅಜ್ಜ.

"ಬೇಗ ಆದ್ರೂ ತಪ್ಪು, ನಿಧಾನ ಆದ್ರೂ ತಪ್ಪು ನಿಮಗೆ."

ಕೆಂಪನ್ನು ಚುಚ್ಚಿ ಶುರು ಮಾಡಿದಾಗ ನೀಲಿ ಹಸಿರಿನ ಹೊಸ ಪರದೆಯೊಂದು ಬಂದು, ಆಡಿಸಿ ನೋಡುತ್ತೀರೋ ಹಾಕಿಯೇಬಿಡುತ್ತೀರೋ ಎಂದು ಕೇಳಿತು. ರಜೆಯ ದಿನವೂ ಆ ಅರ್ಧ ಬಾಗಿಲಲ್ಲಿ ಗಡಿಯಾರದವನಿದ್ದ.

"ಹಾಕೇಬಿಡಿ ಅಕ್ಕ. ನಕಲು ಆಯ್ತಲ್ಲ."

ಹೆಂಡತಿಯ ಬೆರಳೂ ಆ ಕಡೆಗೇ ಹೊರಟಿತ್ತು. ಅಜ್ಜ ಅವಳ ಕೈ ಹಿಡಿದ. "ಇರು. ಹೊಸ ಕೀಲೀನ ನಾನು ಯಾವತ್ತಾದ್ರೂ ಬಾಗಿಲು ಎಳ್ಕೊಂಡು ಹೊರಗೆ ನಿಂತು ಪರೀಕ್ಷೆ ಮಾಡಿದ್ದೀನಾ? ಬಾಗಿಲು ತೆರೆದಿಟ್ಟೇ ತಿರುಗಿಸಿ ನೋಡೋದು. ಮೊದಲು ಆಡಿಸು."

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ" ಎಂದು ಗಡಿಯಾರದವನು ಗೊಣಗಿದ.

ಮೊಳ ಹಾಕಿದ್ದೇ ಒಳ್ಳೆಯದಾಯಿತು. ಆಡಿಸಿ ನೋಡುವ ಪರದೆಯಲ್ಲಿ ಹೆಂಡತಿ ಕಪ್ಪು ಪೆನ್‌ಡ್ರೈವನ್ನು ತೆರೆದಳು. ಒಳಗೆ ಪಟ್ಟಿಯ ಹೆಸರಿತ್ತು. ಒತ್ತಿದಳು, ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೆಸರೊಂದೇ ಮಿಣಮಿಣ ಅಂದಿತು. ಪಕ್ಕದಲ್ಲಿ ಅದರ ಗಾತ್ರ ಬರೆದಿತ್ತು, ಅಂಗಡಿಯ ಒಂದು ರಸೀದಿಯಷ್ಟೂ ಇರಲಿಲ್ಲ. ಒಂಬತ್ತು ವರ್ಷ ಅಷ್ಟರಲ್ಲಿ ಹಿಡಿಸುವಂತಿರಲಿಲ್ಲ.

ಹೆಂಡತಿ ಕೈ ಹಿಂದೆಗೆದು ಮಡಿಲಲ್ಲಿಟ್ಟುಕೊಂಡಳು. ಗಡಿಯಾರದವನು ಬಾಗಿಲು ಬಿಟ್ಟು ಒಳಗೆ ಬಗ್ಗಿ ನೋಡಿದ.

ಅಜ್ಜ ಬಹಳ ಹೊತ್ತು ಆ ಚಿತ್ರವನ್ನೇ ನೋಡಿದ. ಆಮೇಲೆ ಗೋಡೆಯಿಂದ ಒಂದು ಕೀಲಿ ಇಳಿಸಿ, ಅದಕ್ಕೆ ದಾರದಲ್ಲಿ ಕಟ್ಟಿದ್ದ ತಗಡಿನ ಬಿಲ್ಲೆಯನ್ನು ಬಿಚ್ಚಿ ಅವಳ ಅಂಗೈಲಿಟ್ಟ. "ನೀನು ತಂದದ್ದು ಬಿಲ್ಲೆ. ಯಾವ ಕೀಲಿ ಎಲ್ಲಿದೆ ಅಂತ ಹೇಳೋ ಬಿಲ್ಲೆ. ಕೀಲಿ ಇನ್ನೂ ಅಲ್ಲೇ ಇದೆ. ನಾವು ಏನೂ ಅಳಿಸಿಲ್ವಲ್ಲ?"

"ಒತ್ತೋಳಿದ್ದೆ ರೀ. ನೀವು ಕೈ ಹಿಡೀದೆ ಇದ್ರೆ ಒತ್ತೇಬಿಡ್ತಿದ್ದೆ."

"ಹಿಡಿದ್ನಲ್ಲ. ಈಗ ಹುಡುಕು."

ಪರದೆಯ ಎಡಗಡೆ ಯಂತ್ರದ ಸ್ವಂತ ಡಿಸ್ಕಿನ ಹೆಸರೂ ಇತ್ತು. ಹೆಂಡತಿ ಅದನ್ನು ಒತ್ತಿದಳು. ಸಲೀಸಾಗಿ ತೆರೆದುಕೊಂಡಿತು. ಫೋಲ್ಡರಿನೊಳಗೆ ಫೋಲ್ಡರು ಬಿಡಿಸುತ್ತ ಹೋದರೆ ನಾಲ್ಕನೆಯದರಲ್ಲಿ ಪಟ್ಟಿ ಕೂತಿತ್ತು. ಹೊಸ ವ್ಯವಸ್ಥೆಯ ಲೆಕ್ಕದ ಹಾಳೆಯಲ್ಲಿ ಅದು ಬಿಚ್ಚಿಕೊಂಡಿತು, ಸಾವಿರದ ನೂರ ನಲವತ್ತು ಸಾಲೂ ಒಂದೂ ಬಿಡದೆ. ಹೆಂಡತಿ ಮೊದಲ ಸಾಲಿನ, ನಡುವಿನ ಸಾಲಿನ, ಕೊನೆಯ ಸಾಲಿನ ಮನೆ ನಂಬರು ಓದಿದಳು. ಎಲ್ಲ ಮನೆಯದೂ ನೆನಪಿರದಿದ್ದರೂ ಆ ಮೂರಕ್ಕೆ ಅಜ್ಜ ಕಣ್ಣು ಮುಚ್ಚಿಕೊಂಡೇ ಹಲ್ಲಿನ ಆಳ ಹೇಳಿದ. ಸರಿಯಾಗಿತ್ತು. ಈ ಸಲ ಅವಳು ಪಟ್ಟಿಯನ್ನೇ ಕಪ್ಪಿಗೆ ತುಂಬಿ, ಅಲ್ಲಿಂದ ತೆರೆದು ನೋಡಿ, ಆಮೇಲೆ ನೀರು ಕುಡಿದಳು.

ಆದರೆ ಅಜ್ಜನ ಮುಖ ಮಾತ್ರ ಅರಳಲಿಲ್ಲ.

"ಕೇಳಲೇ ಇಲ್ಲ" ಅಂದ.

"ಏನನ್ನ?"

"ಪಾಸ್‌ವರ್ಡು. ದಿನಾ ಬೆಳಿಗ್ಗೆ ಒತ್ತುತೀಯಲ್ಲ, ಅದನ್ನ. ಈ ಕೆಂಪು ತುಂಡು ಹಿತ್ತಿಲಿಂದ ಬಂದು ಮನೆಯೆಲ್ಲ ತೋರಿಸ್ತು. ಯಾರು ಅಂತ ಕೇಳಲಿಲ್ಲ."

"ಕೇಳದೆ ಇದ್ದಿದ್ದೇ ಒಳ್ಳೇದಾಯ್ತಲ್ಲ."

"ನಮಗೆ ಒಳ್ಳೇದಾಯ್ತು. ನಾಳೆ ಯಾರೋ ಒಬ್ಬ ಈ ಡಬ್ಬಾನ ಹೆಗಲ ಮೇಲೆ ಹೊತ್ಕೊಂಡು ಹೋದ ಅಂತ ಇಟ್ಕೋ. ಸಾವಿರದ ನೂರ ನಲವತ್ತು ಮನೆ ಕೀಲಿ ಅವನ ಹೆಗಲ ಮೇಲಿರತ್ತೆ. ಒಂಬತ್ತು ವರ್ಷ ಈ ಬಾಗಿಲು ತೆರೆದೇ ಇತ್ತು, ನಾವು ಚಿಲಕ ಹಾಕಿದೀವಿ ಅನ್ಕೊಂಡು ನಿದ್ದೆ ಮಾಡಿದೀವಿ."

ಆ ಮಾತಿಗೆ ಗಡಿಯಾರದವನೂ ನಗಲಿಲ್ಲ. ಅವನ ಮನೆಯ ಕೀಲಿಯೂ ಆ ಪಟ್ಟಿಯಲ್ಲಿತ್ತು.

ಅಜ್ಜ ಮೇಡಂಗೆ ಫೋನ್ ಮಾಡಿಸಿದ. "ನಿಜ ಅಜ್ಜ, ಬಾಗಿಲಿಗೆ ಬೀಗ ಇತ್ತು, ಗೋಡೆ ಇರಲಿಲ್ಲ ಅಷ್ಟೆ" ಎಂದರು ಅವರು. "ಹೊಸದನ್ನ ಹಾಕುವಾಗ ಒಂದು ಚೌಕ ತೋರಿಸತ್ತೆ, ಇಡೀ ಡಿಸ್ಕಿಗೇ ಬೀಗ ಹಾಕಲಾ ಅಂತ. ಅದಕ್ಕೊಂದು ಗುರುತು ಹಾಕಿ. ಆಮೇಲೆ ಹಿತ್ತಿಲೂ ಇಲ್ಲ, ಕಿಟಕೀನೂ ಇಲ್ಲ. ಆದರೆ ಆ ಪಾಸ್‌ವರ್ಡ್ ಮರೆತ್ರೆ ನಾನೂ ತೆಗೆಯೋಕಾಗಲ್ಲ, ಅದನ್ನ ಮಾಡಿದೋರೂ ತೆಗೆಯೋಕಾಗಲ್ಲ. ಉದ್ದ ಇರಲಿ, ಇಪ್ಪತ್ತಕ್ಕೆ ಕಮ್ಮಿ ಬೇಡ."

"ಮಾಡಿದೋರೂ ತೆಗೆಯೋಕಾಗಲ್ವಾ?" ಅಜ್ಜ ಎರಡು ಸಲ ಕೇಳಿದ.

ಫೋನ್ ಇಟ್ಟು ಅಜ್ಜ ಎಡಗೋಡೆಯ ಕೀಲಿಗಳ ಕಡೆ ತಿರುಗಿದ. ಊರಿನ ಜನ ಮರೆಯುವುದರಿಂದಲೇ ಇಷ್ಟು ವರ್ಷ ಒಲೆ ಉರಿದ ಮನೆ ಅದು. ಮರೆವು ಎಂಥದ್ದೆಂದು ಅಜ್ಜನಿಗಿಂತ ಚೆನ್ನಾಗಿ ಬಲ್ಲವರಾರು?

"ಬೇಡ ರೀ" ಅಂದಳು ಹೆಂಡತಿ ಮೆಲ್ಲಗೆ. "ಈಗತಾನೇ ಹೋಗಿ ಬಂದಿದೆ ಪಟ್ಟಿ. ಇಪ್ಪತ್ತಕ್ಷರ ನನ್ನ ತಲೇಲಿ ನಿಲ್ಲಲ್ಲ. ಬರೆದಿಟ್ರೆ ಯಾರಾದ್ರೂ ಓದ್ತಾರೆ."

"ಅಕ್ಷರ ಯಾಕೆ? ಅಂಕಿ ಇಟ್ರಾಯ್ತು. ಓದೋಕೆ ಬಾರದ ಹಾಗೆ ಬರೆದಿಡ್ತೀನಿ" ಅಂದ ಅಜ್ಜ.

ಅವನು ಎದ್ದುಹೋಗಿ ಡಬ್ಬಿಯಿಂದ ಇನ್ನೂ ಹಲ್ಲು ಕೊರೆಯದ ನಾಲ್ಕು ಖಾಲಿ ಕೀಲಿ ತೆಗೆದ. ಒಂದಕ್ಕಿಂತ ಒಂದು ಸ್ವಲ್ಪ ಉದ್ದ. ಗಡಿಯಾರದವನಿಗೆ, "ನಿನ್ನ ಅಂಗಡೀಲಿ ಟೈಮೆಷ್ಟು ನೋಡ್ಕೊಂಡು ಬಾ" ಅಂದ.

"ರಜಾ ದಿನ ಟೈಮ್ ಯಾಕೆ?"

"ಹೋಗು ಅಂದ್ರೆ ಹೋಗಪ್ಪ."

ಅವನು ಹೋದ ಮೇಲೆ ಅಜ್ಜ ಉಳಿದರ್ಧ ಬಾಗಿಲನ್ನೂ ಎಳೆದುಕೊಂಡು, ಕೀಲಿ ಕೊರೆಯುವ ಯಂತ್ರ ತಿರುಗಿಸಿ ಮನಸ್ಸಿಗೆ ಬಂದ ಆಳಕ್ಕೆ ಹಲ್ಲು ಕೊರೆದ. ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. ಒಂದೊಂದು ಕೀಲಿಗೆ ಐದು ಹಲ್ಲು, ನಾಲ್ಕು ಕೀಲಿಗೆ ಇಪ್ಪತ್ತು ಎಂದು ಲೆಕ್ಕ ಹೊಳೆದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಜೀವಮಾನವೆಲ್ಲ ಬೀಗ ನೋಡಿ ಕೀಲಿ ಮಾಡಿದವನು ಅಂದು ಕೀಲಿ ಮಾಡಿ ಆಮೇಲೆ ಬೀಗಕ್ಕೆ ಕೂತ.

ಹಾಕಿಯೇಬಿಡು ಎಂದು ಒತ್ತಿದರು. ಚೌಕಕ್ಕೆ ಗುರುತು ಬಿತ್ತು. ಅಜ್ಜ ಗಿಡ್ಡ ಕೀಲಿಯಿಂದ ಶುರು ಮಾಡಿ ಹೆಬ್ಬೆರಳು ಆಡಿಸುತ್ತ ಪಿಸುಮಾತಿನಲ್ಲಿ ಆಳ ಹೇಳಿದ, ಇವಳು ಒತ್ತಿದಳು. ಸರಿಯೋ ಎಂದು ನೋಡಲು ಯಂತ್ರ ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಹೇಳಿದ. ಅರ್ಧ ಗಂಟೆಗೆ ಎಲ್ಲ ಮುಗಿದು ಯಂತ್ರ ತಾನೇ ಮಲಗಿ ತಾನೇ ಎದ್ದಿತು. ಎದ್ದದ್ದೇ ಕರಿ ಪರದೆಯ ಮೇಲೆ ಒಂದು ಖಾಲಿ ಗೆರೆ ಹಿಡಿದು ನಿಂತಿತು. ಫಲಕವಿಲ್ಲ, ಉಪದೇಶವಿಲ್ಲ. ನಾಲ್ಕು ಕೀಲಿಯ ಇಪ್ಪತ್ತು ಹಲ್ಲು ಹೇಳಿ ಮುಗಿಸಿದ ಮೇಲೆ ಬಿಚ್ಚಿಕೊಂಡಿತು. ಕಪ್ಪಿನಿಂದ ಪಟ್ಟಿ ಒಳಗೆ ಬಂತು. ಕಪ್ಪು ಪೆನ್‌ಡ್ರೈವು ಕಬ್ಬಿಣದ ತಿಜೋರಿಯೊಳಗೆ ಹೋಯಿತು. ಆ ತಿಜೋರಿಯನ್ನು ತೆಗೆಯಬಲ್ಲವನು ಊರಿಗೊಬ್ಬನೇ, ಅವನು ಇಲ್ಲೇ ಕೂತಿದ್ದ.

ಆಮೇಲೆ ಅಜ್ಜ ನಾಲ್ಕು ಕೀಲಿಯನ್ನು ಒಂದು ತಂತಿಗೆ ಪೋಣಿಸಿ ಎಡಗೋಡೆಯ ನೂರಾರು ಗೊಂಚಲುಗಳ ನಡುವೆ ತೂಗುಹಾಕಿದ. ಹೊಸ ಹಿತ್ತಾಳೆ ಹೊಳೆಯಬಾರದೆಂದು ಅದಕ್ಕೆ ಮೊದಲೇ ಮಸಿ ಎಣ್ಣೆ ತಿಕ್ಕಿದ್ದ. ಯಾವ ಮೊಳೆ ಎಂದು ಇಬ್ಬರಿಗೇ ಗೊತ್ತು.

ವಾರ ಕಳೆಯುವಷ್ಟರಲ್ಲಿ ಲೈಬ್ರರಿ ಮೇಡಂ ಮತ್ತೆ ಬಂದರು. ಕಪಾಟಿನದೇ. ಹೆಂಡತಿ ಪಟ್ಟಿ ತೆರೆದಳು. ಮೇಡಂ ಚೀಲ ಕೆಳಗಿಡುವ ಮೊದಲೇ ಅದು ತೆರೆದಿತ್ತು.

"ಎರಡು, ನಾಲ್ಕು, ನಾಲ್ಕು, ಒಂದು, ಮೂರು" ಅಂದಳು.

"ಎರಡು ಕೊಡಿ ಅಜ್ಜ. ಇನ್ನೊಂದು ಕಳೆಯೋಕೆ" ಎಂದರು ಮೇಡಂ.

ಬಾಗಿಲಲ್ಲಿದ್ದ ಗಡಿಯಾರದವನು ಅವರು ಹೋಗುವವರೆಗೂ ಕಾದ. "ತೆಗೆಯೋಕಾಗದ ಬೀಗ ಯಾರೂ ಮಾಡಿಲ್ಲ ಅಂತಿದ್ರಿ, ಬೀಗರೇ. ಈಗ ಯಾಕೆ ಆ ಮಾತೇ ಬರ್ತಿಲ್ಲ?"

"ಒಂದು ಮಾಡಿದಾರಪ್ಪ. ಪುಕ್ಕಟೆ ಬೇರೆ ಕೊಡ್ತಾರೆ."

"ಅದರ ಕೀಲಿ ಎಲ್ಲಿಟ್ಟಿದೀರಿ, ನನಗಾದ್ರೂ ಹೇಳಿ. ನಾಳೆ ನೀವಿಬ್ರೂ ಮರೆತ್ರೆ?"

"ನಿನ್ನ ಕಣ್ಣ ಮುಂದೇ ಇದೆ" ಅಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ.

ಅವನು ಗೋಡೆ ನೋಡಿದ. ಮೇಲಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ. ತನ್ನ ಅಂಗಡಿಗೆ ಗಿರಾಕಿ ಬಂದು ಎರಡು ಸಲ ಕೂಗಿದರೂ ಕೇಳಿಸಲಿಲ್ಲ.