ಫ್ಯಾನ್ ಆರಿಸಿದವರು

ದೇಗು ಊರಿನ ಬೇಸಿಗೆಯ ಮಧ್ಯಾಹ್ನಗಳಲ್ಲಿ ಎಚ್ಚರ ಯಾವುದು, ನಿದ್ದೆ ಯಾವುದು ಎಂದು ತಿಳಿಯುವುದೇ ಕಷ್ಟ. ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದ ಹೇರಾನಳ ಕನಸಿನಲ್ಲಿ ನದಿಯೊಂದು ಹರಿಯುತ್ತಿತ್ತು, ಅದರ ಮೇಲೆ ತಣ್ಣನೆ ಗಾಳಿ ಬೀಸುತ್ತಿತ್ತು. ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಕಣ್ಣುಬಿಟ್ಟರೆ ಮೈಯೆಲ್ಲ ಬೆವರು. ಫ್ಯಾನ್ ಮತ್ತೆ ಆರಿತ್ತು.

ಈ ಅತ್ತೆಯ ನಂಬಿಕೆಗಿಷ್ಟು ಬೆಂಕಿ ಹಾಕ!

ಅಪ್ಪ ಆಸ್ಪತ್ರೆಯಿಂದ ಬಂದು ವಾರವೂ ಆಗಿರಲಿಲ್ಲ. ದಣಿದ ಹೃದಯ, ಸೆಕೆ ತಾಗಿಸಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಎದುರಿಗೆ ಕಟ್ಟಡ ಕೆಡವುತ್ತಿದ್ದ ಧೂಳಿಗೆ ಕಿಟಕಿ ತೆಗೆಯುವಂತಿರಲಿಲ್ಲ. ಗತಿ ಅಂತ ಇದ್ದದ್ದು ಮಂಚದ ಬಳಿ ನೆಲದ ಮೇಲಿಟ್ಟ ಫ್ಯಾನ್ ಒಂದೇ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದವರು ಏಳುವುದೇ ಇಲ್ಲ ಎಂದು ಅಪ್ಪನ ಅಕ್ಕ ಮಾಲ್ಸುನ್ ಬೆಳಗಾದರೆ ಸಾಕು, ಬಂಧುಗಳ ಮೊಬೈಲಿಗೆಲ್ಲ ಮೆಸೇಜು ಕಳಿಸುತ್ತಿದ್ದಳು. ಕೆಳಗೊಂದು ಗುಲಾಬಿ ಹೂವಿನ ಚಿತ್ರ ಬೇರೆ.

ಅತ್ತೆ ಅಡುಗೆಮನೆಯಲ್ಲಿ ಕಲ್ಲಂಗಡಿ ಹೆಚ್ಚುತ್ತಿದ್ದಳು.

"ಮತ್ತೆ ಆರಿಸಿದ್ರಾ ಅತ್ತೆ? ಅಪ್ಪನ್ನ ಬೇಯಿಸಿ ಸಾಯಿಸ್ಬೇಕು ಅಂತಿದೀರಾ?"

"ನಾನ್ಯಾಕೆ ಆರಿಸ್ಲಿ? ಹೇಳೋದು ಹೇಳಿದೀನಿ, ಅಷ್ಟೇ. ಆ ಕೋಣೆಗೆ ಕಾಲೇ ಇಟ್ಟಿಲ್ಲ."

"ಹೌದೌದು, ನಿಮ್ಮ ಮೆಸೇಜು ಓದಿ ಫ್ಯಾನೇ ಹೆದ್ರಿ ನಿಂತಿರ್ಬೇಕು! ನಾಳೆಯಿಂದ ಈ ಕಡೆ ಬರ್ಲೇಬೇಡಿ."

ಅತ್ತೆ ಚಾಕು ಕೆಳಗಿಟ್ಟು, ಕೊಡೆ ಬಿಚ್ಚಿ, ಬಿಸಿಲಿಗಿಳಿದು ಹೋದಳು.

ಮರುದಿನ ಅತ್ತೆ ಬರಲಿಲ್ಲ. ನದಿ ಬಂತು, ಗಾಳಿ ಬಂತು. ಗಾಳಿ ನಿಂತೂಬಿಟ್ಟಿತು.

ಹೇರಾನ್ ಅರೆಗಣ್ಣು ತೆರೆದಳು. ಅಪ್ಪ ಮಂಚದಿಂದ ಕಾಲು ಇಳಿಬಿಟ್ಟು, ಫ್ಯಾನಿನ ಬುಡದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ್ದ. ಅಂಗಿ ತೊಯ್ದು ಬೆನ್ನಿಗಂಟಿತ್ತು. ಏದುಸಿರು ಬಿಡುತ್ತಲೇ ಕಾಗದದ ಬೀಸಣಿಗೆಯಿಂದ ಅವಳಿಗೆ ಗಾಳಿ ಹಾಕುತ್ತಿದ್ದ.

"ಅಪ್ಪಾ! ನೀವಾ?"

"ನಂದೇನು ಬಿಡು ಮಗಾ, ಬದುಕಿ ಆಯ್ತು. ಗಾಳಿಯೆಲ್ಲ ನಿನ್ನ ಮುಖಕ್ಕೇ ಹೊಡೀತಿದೆ. ನೀನು ಏಳದೇ ಹೋದ್ರೆ ನಾನೇನು ಮಾಡ್ಲಿ?"

ಅದೆಲ್ಲ ಸುಳ್ಳಪ್ಪ ಎನ್ನಲು ಬಾಯಿ ತೆರೆದಳು. ಎಷ್ಟು ಸಲ ಹೇಳಿರಲಿಲ್ಲ! ಅಪ್ಪನ ಕೈಯಿಂದ ಬೀಸಣಿಗೆ ತೆಗೆದಿಟ್ಟಳು. ಎದ್ದು ಬಾಗಿಲನ್ನು ಪೂರ್ತಿ ತೆರೆದು, ಅತ್ತೆಗೆ ಫೋನ್ ಮಾಡಿದಳು.

"ತಪ್ಪಾಯ್ತು ಅತ್ತೆ, ಬನ್ನಿ. ನಾವು ಮಲಗಿದಾಗ ಕಾಯೋಕೆ ಒಬ್ರು ಬೇಕು."

ಅತ್ತೆ ಬಂದು ಹೊಸ್ತಿಲ ಮೇಲೆ ಕೂತಳು.

"ಮಲ್ಕೊಳ್ರೋ. ಇಬ್ರ ಉಸಿರೂ ನೋಡ್ತಿರ್ತೀನಿ."

ಹೇರಾನ್ ಫ್ಯಾನ್ ಹಾಕಿದಳು. ಅಪ್ಪ ಕಾಲು ಮೇಲೆಳೆದುಕೊಂಡ. ಸ್ವಲ್ಪ ಹೊತ್ತಿಗೇ ಗೊರಕೆ ಶುರುವಾಯಿತು. ಹೇರಾನಳ ನದಿ ಮತ್ತೆ ಹರಿಯಿತು. ಆಚೆ ದಡದಲ್ಲಿ ಅತ್ತೆ, ರೆಪ್ಪೆ ಬಡಿಯದೆ ಕೂತಿದ್ದಳು.